ಹಳ್ಳಿ ಮನೆಗೆ ಐವತ್ತು ಸಾವಿರ: ನೀರು ಮೊದಲಾ, ಒಲೆ ಮೊದಲಾ, ಕೊಟ್ಟಿಗೆ ಮೊದಲಾ?

ಯಲಹಂಕ ಉಪನಗರ (ಪ್ರಶ್ನೆ)

ಬಾಗೇಪಲ್ಲಿ ತಾಲ್ಲೂಕಿನ ಮನೆ. ಅಪ್ಪ (64), ಅಮ್ಮ (58), ತಮ್ಮ, ನಾದಿನಿ, ಒಂಬತ್ತು ವರ್ಷದ ಹುಡುಗಿ, ಮೂರು ವರ್ಷದ ಹುಡುಗ. ಎರಡು ಸೀಮೆ ಹಸು. ಮುಂಭಾಗ ಮೂರು ಚದರ ಆರ್‌ಸಿಸಿ. ಹಿಂದೆ ಅಡುಗೆಮನೆ, ಬಚ್ಚಲು ಎರಡಕ್ಕೂ ಸಿಮೆಂಟ್ ಶೀಟು. ಕೊಟ್ಟಿಗೆ ಅಡುಗೆಮನೆ ಗೋಡೆಗೇ ಅಂಟಿಕೊಂಡಿದೆ.

ನೀರು: ಪಂಚಾಯ್ತಿ ಬೋರ್‌ವೆಲ್‌ನಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ, ಎರಡು ದಿನಕ್ಕೊಮ್ಮೆ. ಡ್ರಮ್ಮಿನಲ್ಲಿ ಹಿಡಿದಿಡುತ್ತಾರೆ. ನಲ್ಲಿ ನೀರು ಬಾರದ ದಿನ ತಿಪ್ಪೆ ಪಕ್ಕದ ಹಳೇ ಕೈಪಂಪು. ಕುಡಿಯೋಕೆ ಮಾತ್ರ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್.

ತೊಂದರೆ: ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ. ಅಪ್ಪನಿಗೆ ಸೊಂಟ, ಮಂಡಿ ನೋವು. ಅಮ್ಮನಿಗೆ ಬೆಳಗಿನ ಕೆಮ್ಮು ಬಿಡ್ತಾ ಇಲ್ಲ. ಗ್ಯಾಸ್ ಇದೆ, ಆದರೆ ಮುದ್ದೆಗೆ, ಹಂಡೆಗೆ ಸೌದೆಯೇ. ಶೌಚಾಲಯ ಎರಡು ಗುಂಡಿಯದು, ಮಳೆಗಾಲದಲ್ಲಿ ನೀರು ಇಳಿಯಲ್ಲ.

ಖರ್ಚಿಗೆ ಸುಮಾರು ಐವತ್ತು ಸಾವಿರ ಇದೆ. ನಲ್ಲಿ ನೀರಿಗೆ ಟಿಡಿಎಸ್ ಮೀಟರ್ ಹಾಕಿದರೆ 620 ತೋರಿಸ್ತು, ಅಷ್ಟಿದ್ರೆ ಪರವಾಗಿಲ್ಲ ಅಂತಾರೆ. ಮೊದಲು ಯಾವುದಕ್ಕೆ ಕೈ ಹಾಕೋದು?

---

ನಾಗರಬಾವಿ ಫಿಲ್ಟರ್

ಮನೆಗೆ ಒಂದು ಆರ್‌ಒ ಹಾಕಿಸಿ ಸರ್, ನೀರಿನ ಕಥೆ ಮುಗೀತು. ಉಳಿದ ದುಡ್ಡಲ್ಲಿ ಬಚ್ಚಲಿಗೆ ಗೀಸರ್.

---

ನೀರುಗಂಟಿ

ಮುಗಿಯಲ್ಲ. ಎರಡು ದಿನಕ್ಕೊಮ್ಮೆ ನೀರು ಬರೋ ಮನೆಯಲ್ಲಿ ಆರ್‌ಒ ಹಾಕಿದರೆ ಡ್ರಮ್ಮಿನ ಅರ್ಧಕ್ಕಿಂತ ಹೆಚ್ಚು ನೀರು ಚರಂಡಿಗೆ ಹೋಗುತ್ತೆ. ಒಳಗಿನ ಸೋಸೋ ಪೊರೆ (ಮೆಂಬ್ರೇನ್) ಹಾಳಾದಾಗ ಬದಲಾಯಿಸೋಕೆ ಬಾಗೇಪಲ್ಲಿಯಿಂದ ಯಾರು ಬರ್ತಾರೆ ಅನ್ನೋದು ಬೇರೆ ಪ್ರಶ್ನೆ.

ಮೊದಲು ಆ ಟಿಡಿಎಸ್ ಮೀಟರ್ ಜೇಬಿಗೆ ಹಾಕ್ಕೊಳ್ಳಿ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಹೇಳುತ್ತೆ ಅಷ್ಟೆ. ನಿಮ್ಮಲ್ಲಿ ಅನುಮಾನ ಫ್ಲೋರೈಡ್ ಮೇಲೆ, ನೀರಲ್ಲಿ ಅದು ಹೆಚ್ಚಾದರೆ ಹಲ್ಲಿಗೆ ಕಂದು ಗೆರೆ, ಮೂಳೆ ಕೀಲಿಗೆ ನೋವು ಬರಬಹುದು. ಅದು ಲೀಟರಿಗೆ 1 ಮಿ.ಗ್ರಾಂ ಇದ್ದರೂ 620, 3 ಇದ್ದರೂ 620. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಬಿಡಬಹುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಕಲ್ಲುಬಂಡೆಯಲ್ಲೇ ಫ್ಲೋರೈಡ್ ಇದೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕೂತಿರುತ್ತೆ, ಹಾಗಾಗಿ ಅದರಲ್ಲಿ ಫ್ಲೋರೈಡ್ ಏರೋ ಸಂಭವ ಜಾಸ್ತಿ.

ಪರೀಕ್ಷೆ ಹೀಗೆ ಮಾಡಿಸಿ. ಜಲ ಜೀವನ್ ಮಿಷನ್‌ನಲ್ಲಿ (ನಮ್ಮಲ್ಲಿ "ಮನೆ ಮನೆಗೆ ಗಂಗೆ") ಪಂಚಾಯ್ತಿಗಳಿಗೆ ಕ್ಷೇತ್ರ ಪರೀಕ್ಷಾ ಕಿಟ್ ಕೊಟ್ಟು, ಹಳ್ಳಿಗೆ ಐದು ಹೆಣ್ಣುಮಕ್ಕಳಿಗೆ ತರಬೇತಿ ಕೊಡೋ ವ್ಯವಸ್ಥೆ ಇದೆ. ಪಿಡಿಒ ಹತ್ರ ಕೇಳಿ. ಕಿಟ್ ಬಣ್ಣ ನೋಡಿ ಹೇಳೋದು, ಅಂದಾಜಿಗೆ ಸಾಕು. ಖಚಿತ ಅಂಕಿ ಬೇಕಾದ್ರೆ ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯ. ಫ್ಲೋರೈಡ್‌ಗೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಗಾಜು ಬೇಡ, ಅದು ಫ್ಲೋರೈಡ್ ಜೊತೆ ಪ್ರತಿಕ್ರಿಯಿಸುತ್ತೆ. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಬಾಟಲಿ ಬೇರೆ: ಪ್ರಯೋಗಾಲಯದವರೇ ಕೊಡೋ ಕ್ರಿಮಿರಹಿತ ಬಾಟಲಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಹೈವೇ ಬಸ್ಸಿನ ಕಿಟಕಿ ಪಕ್ಕ ಬಿಸಿಲಲ್ಲಿ ಹೆಬ್ಬಾಳದವರೆಗೂ ತಂದ ಬಾಟಲಿಯ ವರದಿಗೆ ಅರ್ಥ ಇಲ್ಲ.

ನಾಲ್ಕು ಕಡೆ ನೀರು ತೆಗೀಬೇಕು: ನಲ್ಲಿ, ಕೈಪಂಪು, ಘಟಕದ ಕ್ಯಾನ್, ಮತ್ತೆ ಮನೆಯ ಬಿಂದಿಗೆ. ಕ್ಯಾನ್ ಯಾಕೆ ಅಂದ್ರೆ, ಹಳ್ಳಿ ಘಟಕಗಳಲ್ಲಿ ಮೆಂಬ್ರೇನ್ ಹಳತಾದರೂ ನಾಣ್ಯ ಹಾಕಿದರೆ ನೀರು ಬರ್ತಾನೇ ಇರುತ್ತೆ. ಬಿಂದಿಗೆ ಯಾಕೆ ಅಂದ್ರೆ, ಕೊಳೆ ಸೇರೋದು ಬಹಳಷ್ಟು ಸಲ ಮನೆಯೊಳಗೆ, ಲೋಟ ಅದ್ದಿ ತೆಗೆಯುವಾಗ. ಹಿಡಿಕೆ ಇರೋ ಸೌಟು ಇಡಿ, ಅಥವಾ ನಲ್ಲಿ ಇರೋ ಪಾತ್ರೆ.

ಇನ್ನೊಂದು ಮುಖ್ಯ ವಿಷಯ. "ಕುಡಿಯೋಕೆ ಮಾತ್ರ ಕ್ಯಾನ್" ಅಂದ್ರಲ್ಲ, ಎಡವಟ್ಟು ಅಲ್ಲೇ ಇದೆ. ಅನ್ನ, ಬೇಳೆ, ಮುದ್ದೆ ಎಸರು, ಟೀ ಎಲ್ಲ ಬೋರ್ ನೀರಲ್ಲಿ ಆದರೆ ಫ್ಲೋರೈಡ್ ಊಟದ ಮೂಲಕ ಹೋಗೇ ಹೋಗುತ್ತೆ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಸಾರು ಕುದ್ದು ಇಂಗಿದಷ್ಟೂ ಅದು ಗಟ್ಟಿಯಾಗುತ್ತೆ. ಕುಡಿಯೋದು ಮತ್ತು ಅಡುಗೆ ಎರಡಕ್ಕೂ ಒಳ್ಳೇ ನೀರು ಬೇಕು. ಮೈ ತೊಳೆಯೋಕೆ, ಬಟ್ಟೆಗೆ, ಹಸುವಿನ ಕೊಟ್ಟಿಗೆ ತೊಳೆಯೋಕೆ ಬೋರ್ ನೀರು ಇರಲಿ.

---

ಯಲಹಂಕ ಉಪನಗರ

ಅಡುಗೆಗೂ ಕ್ಯಾನ್ ಅಂದ್ರೆ ದಿನಕ್ಕೆ ಎರಡು ಕ್ಯಾನ್ ಹೊರಬೇಕು. ಹೊರೋದು ಅಮ್ಮ ಅಥವಾ ನಾದಿನಿ. ಮಳೆನೀರು ಆಗುತ್ತಾ? ಆ ಕಡೆ ಮಳೆಯೇ ಕಮ್ಮಿ.

---

ನೀರುಗಂಟಿ

ಆಗುತ್ತೆ, ಲೆಕ್ಕ ಹಾಕೋಣ. ಮೂರು ಚದರ ಅಂದ್ರೆ 300 ಚದರಡಿ, ಸುಮಾರು 28 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 650 ಮಿ.ಮೀ. ಅಂತ ಹಿಡಿದು, ಐದರಲ್ಲಿ ಒಂದು ಪಾಲು ನಷ್ಟ ಅಂತ ಬಿಟ್ಟರೆ 28 × 650 × 0.8, ಹತ್ತಿರ ಹತ್ತಿರ 14,500 ಲೀಟರ್. ಆರು ಜನಕ್ಕೆ ಕುಡಿಯೋಕೆ, ಅಡುಗೆಗೆ ತಲೆಗೆ 6 ಲೀಟರಿನಂತೆ ದಿನಕ್ಕೆ 36, ವರ್ಷಕ್ಕೆ 13,140. ಸರಿಹೋಗುತ್ತೆ, ಆದರೆ ಬಿಗಿ. ಬರದ ವರ್ಷ ಕ್ಯಾನ್ ಸೇರಿಸಬೇಕು.

ಟ್ಯಾಂಕು ವರ್ಷದ ಪೂರ್ತಿ ನೀರಿಗೆ ಬೇಕಿಲ್ಲ, ಮಳೆ ಇಲ್ಲದ ತಿಂಗಳಿಗೆ ಸಾಕು. ಡಿಸೆಂಬರಿಂದ ಏಪ್ರಿಲ್‌ವರೆಗೆ 150 ದಿನ, 36ರಂತೆ 5,400 ಲೀಟರ್. 2,000 ಲೀಟರಿನ ಮೂರು ಕಪ್ಪು ಟ್ಯಾಂಕ್ ಇಟ್ಟರೆ ಸಾಕು. ತಳದಲ್ಲಿ ಪೈಪಿನಿಂದ ಜೋಡಿಸಿ, ಮಧ್ಯೆ ಮಧ್ಯೆ ವಾಲ್ವ್ ಇಟ್ಟರೆ ಒಂದನ್ನು ತೊಳೆಯುವಾಗ ಉಳಿದೆರಡು ಇರುತ್ತೆ. ಬೆಳಕು ಒಳಗೆ ಹೋಗಬಾರದು, ಪಾಚಿ ಕಟ್ಟುತ್ತೆ.

ಕೆಲಸ ಕೆಡೋದು ಸಾಮಾನ್ಯವಾಗಿ ಮೊದಲ ಮಳೆಯ ಕೊಳೆ ನೀರನ್ನು ಬಿಡದೆ ಇರೋದರಿಂದ. ಹಕ್ಕಿ ಹಿಕ್ಕೆ, ಧೂಳು, ಎಲೆ ಎಲ್ಲ ಟ್ಯಾಂಕಿಗೆ. ಮೊದಲ 1 ಮಿ.ಮೀ. ಬಿಡಬೇಕು ಅಂದ್ರೆ ನಿಮ್ಮ ಚಾವಣಿಗೆ 28 ಲೀಟರ್. ನಾಲ್ಕಿಂಚಿನ ಪೈಪು ಒಂದು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತೆ, ಅಷ್ಟುದ್ದ ನಿಲ್ಲಿಸೋಕೆ ಜಾಗ ಸಾಲಲ್ಲ. ಆರಿಂಚಿನ ಪೈಪು ಮೀಟರಿಗೆ 18ರ ಹತ್ತಿರ, ಎರಡು ಮೀಟರಿಗಿಂತ ಸ್ವಲ್ಪ ಕಮ್ಮಿ ಸಾಕು. ಚಾವಣಿಯಿಂದ ಇಳಿಯೋ ಪೈಪಿಗೆ 'ಟೀ' ಹಾಕಿ, ಕೆಳಮುಖಕ್ಕೆ ಈ ಆರಿಂಚಿನ ತುಂಡು, ತುದಿಗೆ ತಿರುಗಿಸಿ ತೆಗೆಯೋ ಕ್ಯಾಪು. ಅದು ತುಂಬಿದ ಮೇಲೆ ನೀರು ತಾನಾಗಿ ಅಡ್ಡ ಪೈಪಿನಲ್ಲಿ ಟ್ಯಾಂಕಿಗೆ ಹೋಗುತ್ತೆ. ಕ್ಯಾಪಿಗೆ ಎರಡು ಮಿ.ಮೀ. ತೂತು ಕೊರೆದರೆ ಒಂದು ದಿನದಲ್ಲಿ ಖಾಲಿ ಆಗಿ ಮುಂದಿನ ಮಳೆಗೆ ತಯಾರಾಗಿರುತ್ತೆ. ತೂತು ಇಲ್ಲದಿದ್ದರೆ ಪ್ರತಿ ಮಳೆಯಾದ ಮೇಲೆ ಕ್ಯಾಪು ಬಿಚ್ಚೋದು ಯಾರಿಗೂ ನೆನಪಿರಲ್ಲ. ಆ ತೂತಿಗೆ ಕಸ ಕೂರುತ್ತೆ, ಕಡ್ಡಿ ಹಾಕಿ ಬಿಡಿಸ್ತಾ ಇರಿ.

ಹಿಂದಿನ ಸಿಮೆಂಟ್ ಶೀಟಿನ ನೀರು ಟ್ಯಾಂಕಿಗೆ ಸೇರಿಸಬೇಡಿ. ಹಳೇ ಶೀಟು ಕಲ್ನಾರಿನದು. ಅದನ್ನು ಕೊರೆಯೋದು, ಗರಗಸ ಹಾಕೋದು, ಬ್ರಷ್‌ನಿಂದ ಉಜ್ಜೋದು ಮಾಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ.

ಕ್ರಿಮಿಗೆ ಬ್ಲೀಚಿಂಗ್ ಪೌಡರ್, 1,000 ಲೀಟರಿಗೆ 2.5 ಗ್ರಾಂ. 2,000 ಲೀಟರ್ ತುಂಬಿದ ಟ್ಯಾಂಕಿಗೆ 5 ಗ್ರಾಂ. ಪುಡಿ ನೇರ ಸುರೀಬಾರದು. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ. ಒಂದು ಗಂಟೆ ಕಳೆದ ಮೇಲೆ ಕುಡಿಯಬಹುದು. ಚೀಲದ ಬಾಯಿ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಅದನ್ನು ಎಷ್ಟು ಹಾಕಿದರೂ ಸುಣ್ಣ ಹಾಕಿದ ಹಾಗೆ. ಮೂಗಿಗೆ ಘಾಟು ಬಾರದ ಪುಡಿ ತಗೋಬೇಡಿ.

ಕೈಪಂಪಿಗೆ ನೈಟ್ರೇಟ್ ಪರೀಕ್ಷೆ ಕಡ್ಡಾಯ, ಮಿತಿ 45 ಮಿ.ಗ್ರಾಂ. ತಿಪ್ಪೆ, ಗಂಜಲ, ಗುಂಡಿಯಿಂದ ಇಳಿದು ಬರೋದು ಅದು. ಕುದಿಸಿದರೂ ಹೋಗಲ್ಲ. ಆರು ತಿಂಗಳೊಳಗಿನ ಕೂಸು ಇರೋ ಮನೆಗೆ ಇದು ಅಪಾಯ, ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತಿ ತಗ್ಗಿ ಕೂಸು ನೀಲಿಗಟ್ಟುತ್ತೆ.

---

ಒಲೆಮೇಸ್ತ್ರಿ

ನೀರಿನ ಬಗ್ಗೆ ಮೇಲೆ ಹೇಳಿದ್ದಕ್ಕೆ ತಕರಾರಿಲ್ಲ. ಆದರೆ ಅಮ್ಮನ ಕೆಮ್ಮು ಕಾಯಲ್ಲ. ಟ್ಯಾಂಕು ಬರೋ ಹೊತ್ತಿಗೆ ಒಲೆ ಕೆಲಸ ಎರಡು ದಿನದಲ್ಲಿ ಮುಗಿಸಬಹುದು, ಖರ್ಚೂ ಅದರ ಸಣ್ಣ ಪಾಲು.

ಎಲ್ಲರೂ "ಗ್ಯಾಸ್ ಬಂತಲ್ಲ" ಅಂತಾರೆ. ಸಿಲಿಂಡರ್ ಬಂದ ಮನೆಗಳಲ್ಲೂ ಹೊಗೆ ನಿಲ್ಲದೇ ಇರೋದು ಹಂಡೆ ಒಲೆಯಿಂದ. ಬೆಳಗಿನ ಜಾವ ಬಚ್ಚಲಲ್ಲಿ ಒಂದೂವರೆ ಗಂಟೆ ಉರಿಯುತ್ತೆ, ಬಚ್ಚಲು ಅಡುಗೆಮನೆಗೆ ಅಂಟಿದೆ, ಶೀಟು ತಗ್ಗು. ಹೊತ್ತಿಸೋಕೆ ಹಾಲಿನ ಕವರು, ಹಳೇ ಚಪ್ಪಲಿ, ಟೈರ್ ತುಂಡು. ಇವತ್ತೇ ನಿಲ್ಲಿಸಬೇಕಾದ್ದು ಅದು, ದುಡ್ಡೂ ಬೇಡ. ಹೊತ್ತಿಸೋಕೆ ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ ಇದೆ. ಸೌದೆಯನ್ನು ಮಣಿಕಟ್ಟಿನ ದಪ್ಪಕ್ಕೆ ಸೀಳಿ ಎರಡು ತಿಂಗಳು ನೆರಳಲ್ಲಿ ಒಣಗಿಸಿ. ಹಸಿ ಸೌದೆ ಅಂದ್ರೆ ಬೆಂಕಿಯ ಒಂದು ಪಾಲು ಅದರೊಳಗಿನ ನೀರು ಆರಿಸೋದಕ್ಕೇ ಹೋಗುತ್ತೆ, ಹೊಗೆಯೂ ಜಾಸ್ತಿ.

ಮುದ್ದೆಗೆ ಸೌದೆ ಬಿಡಲ್ಲ ಅಂದ್ರೆ ಅಸ್ತ್ರ ಒಲೆ ಕಟ್ಟಿಸಿ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ರೂಪಿಸಿದ್ದು. ಬೆಂಗಳೂರಿನವರಿಗೇ ಅದು ಮರೆತು ಹೋಗಿದೆ. ಗುಟ್ಟು ಇಷ್ಟೆ: ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿ ಮೇಲೆ ಉರಿಯುತ್ತೆ, ಕೆಳಗಿನ ಬೂದಿ ಗೂಡಿನಿಂದ ಗಾಳಿ ಬರುತ್ತೆ, ಬಿಸಿ ಹೊಗೆ ಮೊದಲ ಪಾತ್ರೆ, ಎರಡನೇದು, ಮೂರನೇದರ ತಳ ಸವರಿಕೊಂಡು ಹೊಗೆಕೊಳವೆ ಸೇರುತ್ತೆ. ಪಾತ್ರೆಯ ಅಳತೆಗೆ ತಕ್ಕ ಬಾಯಿ ಇರಬೇಕು. ಆರು ಜನದ ಮುದ್ದೆ ಮಡಕೆಗೆ ಕಟ್ಟಿದ ಬಾಯಿಗೆ ಸಣ್ಣ ಪಾತ್ರೆ ಇಟ್ಟರೆ ಸುತ್ತಲ ಸಂದಿಯಿಂದ ಹೊಗೆ ಪೂರ್ತಿ ಒಳಗೇ ಬರುತ್ತೆ, ಆಮೇಲೆ "ಈ ಒಲೆ ಸರಿ ಇಲ್ಲ" ಅಂತ ಒಡೆದು ಹಾಕ್ತಾರೆ.

ಹಂಡೆ ಒಲೆಗೂ ಕೊಳವೆ ಬೇಕು. ನಾಲ್ಕಿಂಚಿನ ಜಿಐ ಪೈಪು ಸಾಕು. ಪಿವಿಸಿ ಕರಗುತ್ತೆ, ಕಲ್ನಾರು ಬೇಡ. ಶೀಟು ತೂತು ಮಾಡಬೇಡಿ, ಗೋಡೆಯಿಂದ ಹೊರಗೆ ತೆಗೆದು ಮೇಲಕ್ಕೆ ಎತ್ತಿ. ಚಾವಣಿಯ ಅತ್ಯಂತ ಎತ್ತರದ ಭಾಗಕ್ಕಿಂತ ಎರಡಡಿ ಮೇಲೆ ಹೋಗಬೇಕು, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಇಳಿಯುತ್ತೆ. ನಿಮ್ಮಲ್ಲಿ ಮುಂದಿನ ಆರ್‌ಸಿಸಿ ಎತ್ತರ ಅಂತ ಕಾಣುತ್ತೆ, ಅದನ್ನು ಲೆಕ್ಕಕ್ಕೆ ಹಿಡೀರಿ. ಅಡ್ಡ ಹೋಗೋ ಭಾಗ ಆದಷ್ಟು ಚಿಕ್ಕದಿರಲಿ, ಮಸಿ ಕಟ್ಟೋದು ಅಲ್ಲೇ. ತಿರುವಿನಲ್ಲಿ ತೆಗೆಯೋಕೆ ಬರೋ ಮುಚ್ಚಳ ಇಡಿ, ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿ ಗಂಟು ಕಟ್ಟಿ ಎಳೆದರೆ ಮಸಿ ಬೀಳುತ್ತೆ. ಕೊಳವೆ ಗೋಡೆಗೆ ಸೇರೋ ಜಾಗಕ್ಕೆ ಸಿಮೆಂಟ್ ಹಚ್ಚಿದರೆ ಬಿಸಿಗೆ ಬಿರುಕು ಬಿಡುತ್ತೆ. ಹುತ್ತದ ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಮೆತ್ತಿ. ಬಿರುಕು ಕಂಡಾಗ ಮತ್ತೆ ಮೆತ್ತೋದು, ಅಷ್ಟೆ.

ಸೋಲಾರ್ ಹೀಟರ್ ಕೇಳಬಹುದು. ಬಿಸಿಲಿಗೆ ಬರ ಇಲ್ಲ. ಆದರೆ ಗಡಸು ಬೋರ್ ನೀರಿಗೆ ಒಳಗೆ ಸುಣ್ಣ ಕಟ್ಟುತ್ತೆ, ಟ್ಯಾಂಕಿನಿಂದ ನೀರು ತಾನಾಗಿ ಇಳಿಯೋ ಎತ್ತರ ಬೇಕು. ಈ ಬಜೆಟ್‌ಗೆ ಈಗ ಬೇಡ.

ಮೂರು ವರ್ಷದವನನ್ನು ಉರಿಯೋ ಒಲೆ ಮುಂದೆ ಕೂರಿಸ್ಕೋಬೇಡಿ. ಚಳಿಗೆ ಅಂತ ಕೂರಿಸ್ತಾರೆ. ಸಣ್ಣ ಮಕ್ಕಳ ನ್ಯುಮೋನಿಯಾಕ್ಕೆ ಒಲೆ ಹೊಗೆ ದೊಡ್ಡ ಕಾರಣ.

---

ಉಪಕೇಂದ್ರ ಡೈರಿ

ನೋವು ಅಂದ ಕೂಡಲೇ ಫ್ಲೋರೈಡ್ ಅಂತ ತೀರ್ಮಾನ ಮಾಡಬೇಡಿ. ಹಸು ಇರೋ ಮನೆಯಲ್ಲಿ ಇನ್ನೂ ಎರಡು ಮೂರು ಅನುಮಾನ ಇರುತ್ತೆ.

ಹುಡುಗಿಯ ಹಲ್ಲು: ಗೆರೆ ಅಡ್ಡಡ್ಡಲಾಗಿ, ಎಡ ಬಲ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಇದ್ದರೆ ಫ್ಲೋರೋಸಿಸ್ ಸಾಧ್ಯತೆ ಹೆಚ್ಚು. ಉಜ್ಜಿದರೆ ಹೋಗಲ್ಲ, ಉಪ್ಪು ಇದ್ದಿಲು ಹಾಕಿ ಉಜ್ಜಿಸಬೇಡಿ, ಎನಾಮೆಲ್ ಸವೆಯುತ್ತೆ. ಅದು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಕೂತ ಗುರುತು. ಆ ಕಾಲ ಹೆಚ್ಚೂ ಕಮ್ಮಿ ಎಂಟು ವರ್ಷಕ್ಕೆ ಮುಗಿಯುತ್ತೆ. ಅಂದ್ರೆ ಹುಡುಗಿಯ ಹಲ್ಲಿಗಿಂತ ಮೂರು ವರ್ಷದ ತಮ್ಮನಿಗೆ ಒಳ್ಳೇ ನೀರು ತುರ್ತು. ಅವನಿಗೆ ಪೇಸ್ಟ್ ಬಟಾಣಿ ಗಾತ್ರಕ್ಕಿಂತ ಹೆಚ್ಚು ಬೇಡ, ನುಂಗದ ಹಾಗೆ ನೋಡಿಕೊಳ್ಳಿ.

ಅಪ್ಪನಿಗೆ ಮನೆಯಲ್ಲೇ ಮೂರು ನೋಡಿ: ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟೋಕೆ ಆಗುತ್ತಾ, ಗದ್ದ ಎದೆಗೆ ತಾಗುತ್ತಾ, ಕೈ ಚಾಚಿ ಮಡಚಿ ತಲೆಯ ಹಿಂದೆ ಮುಟ್ಟೋಕೆ ಆಗುತ್ತಾ. ಮೂರಕ್ಕೂ ಬಿಗಿ ಇದ್ದರೆ ಮೂಳೆ ಫ್ಲೋರೋಸಿಸ್ ಅಂತ ಜಿಲ್ಲಾಸ್ಪತ್ರೆಯಲ್ಲಿ ಮೂತ್ರದ ಫ್ಲೋರೈಡ್, ಎಕ್ಸ್‌ರೇ ಕೇಳಿ. ನೋವಿನ ಜೊತೆ ಬಂದು ಹೋಗೋ ಜ್ವರ, ರಾತ್ರಿ ಬೆವರು ಇದ್ದರೆ ಬ್ರುಸೆಲ್ಲೋಸಿಸ್ (ದನದಿಂದ ಜನಕ್ಕೆ ಬರೋ ಸೋಂಕು) ರಕ್ತಪರೀಕ್ಷೆ ಕೇಳಬೇಕು. ಹಸಿ ಹಾಲು ಕುಡಿಯೋದು, ಕಂದು ಹಾಕಿದ (ಗರ್ಭ ಇಳಿದ) ಹಸುವಿನ ಮಾಸು ಬರಿಗೈಯಲ್ಲಿ ಎತ್ತೋದು ಇವೆರಡರಿಂದ ಬರುತ್ತೆ. ಮಾಸನ್ನು ಕೈಗವಸು ಹಾಕಿ ಎತ್ತಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು, ನಾಯಿ ಎಳೀಬಾರದು. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿ. ಜ್ವರ ಒಂದೇ ಸಲ ಜೋರಾಗಿ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಕೀಲು ಹಿಡಿದಿದ್ದರೆ ಚಿಕೂನ್‌ಗುನ್ಯಾ. ಏನೂ ಇಲ್ಲದೆ ಬರೀ ಮಂಡಿ ಸವೆತವೂ ಇರಬಹುದು.

ಅಮ್ಮನ ಕೆಮ್ಮು ಎರಡು ವಾರ ದಾಟಿದೆ ಅಂದ್ರೆ ಹೊಗೆ ಅಂತ ಸುಮ್ಮನಾಗಬೇಡಿ, ಮೊದಲು ಕಫ ಪರೀಕ್ಷೆ. ಕ್ಷಯ ಅಲ್ಲ ಅಂತ ಗೊತ್ತಾದ ಮೇಲೆ ಉಸಿರಾಟದ ಸಾಮರ್ಥ್ಯದ ಪರೀಕ್ಷೆ.

ಡೆಂಗಿ, ಚಿಕೂನ್‌ಗುನ್ಯಾ ಸೊಳ್ಳೆ ಮೋರಿಯದ್ದಲ್ಲ, ನಿಮ್ಮ ಡ್ರಮ್ಮಿನದ್ದು. ಎರಡು ದಿನಕ್ಕೊಮ್ಮೆ ನೀರು ಬರೋ ಊರಲ್ಲಿ ಡ್ರಮ್ಮು ಪೂರ್ತಿ ಖಾಲಿ ಆಗೋದೇ ಇಲ್ಲ, ಹಳೇ ನೀರಿನ ಮೇಲೆ ಹೊಸದು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ. ವಾರಕ್ಕೊಂದು ದಿನ ಗೊತ್ತು ಮಾಡಿ ಬೋರಲು ಹಾಕಿ. ಬೋರಲು ಹಾಕಿದರಷ್ಟೇ ಸಾಲದು: ನೀರಿನ ಮಟ್ಟದ ಗೆರೆಯ ಹತ್ತಿರ ಮೊಟ್ಟೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ತೆಂಗಿನ ನಾರಿಂದ ಆ ಗೆರೆ ಉಜ್ಜಬೇಕು. ಹಸು ಕುಡಿಯೋ ಕಲ್ಲು ತೊಟ್ಟಿಗೂ ಇದೇ ಮಾತು, ಖಾಲಿ ಮಾಡೋಕಾಗದ ತೊಟ್ಟಿಗೆ ಗಪ್ಪಿ ಮೀನು.

ಊಟದ ವಿಷಯ ಒಂದೇ ಹೇಳ್ತೀನಿ. ರಾಗಿ, ಸೊಪ್ಪು ಒಳ್ಳೇದೇ, ಆದರೆ ಊಟದ ಜೊತೆಗೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತಲ್ಲ. ಒಂದು ಗಂಟೆ ಬಿಡಿ, ಸಾರಿಗೆ ನಿಂಬೆ ಹಿಂಡಿ. ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇರುತ್ತೆ, ಹಾಗಾಗಿ ಟೀ ಕಮ್ಮಿ ಮಾಡಿದಷ್ಟೂ ಒಳ್ಳೇದು. ಮಕ್ಕಳಿಗೆ ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡ್ತಾರೆ, ತಪ್ಪಿಸಬೇಡಿ. ಕೊಟ್ಟಿಗೆ, ತೋಟಕ್ಕೆ ಬರಿಗಾಲಲ್ಲಿ ಹೋದರೆ ಕೊಕ್ಕೆಹುಳ ಅಂಗಾಲಿನಿಂದಲೇ ಒಳಗೆ ಹೋಗುತ್ತೆ.

ಅಂದಹಾಗೆ ಸೌದೆ, ಹುಲ್ಲಿನ ಬಣವೆ ಮನೆ ಗೋಡೆಗೆ ಒರಗಿಸಿಟ್ಟಿದ್ದರೆ ದೂರ ಇಡಿಸಿ. ಇಲಿ ಅಲ್ಲಿ, ಇಲಿ ಹಿಂದೆ ಹಾವು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚೋದು, ಗಾಯ ಕಾಣೋದೂ ಇಲ್ಲ. ಹಾಸಿಗೆ ಕೆಳಗೆ ಸುತ್ತ ಸಿಕ್ಕಿಸಿದ ಸೊಳ್ಳೆ ಪರದೆ ಎರಡಕ್ಕೂ ಆಗುತ್ತೆ. ಕಚ್ಚಿದರೆ ಹಗ್ಗ ಬಿಗಿಯೋದು, ಕೊಯ್ಯೋದು ಬೇಡ, ಅಲುಗಾಡಿಸದೆ 108.

---

ಯಲಹಂಕ ಉಪನಗರ

ತುಂಬಾ ಉಪಕಾರ. ಶೌಚಾಲಯದ ಬಗ್ಗೆ ಒಂದು ಮಾತು: ಬಚ್ಚಲ ನೀರನ್ನೂ ಅದೇ ಗುಂಡಿಗೆ ಬಿಟ್ಟಿದ್ದಾರೆ. ಎರಡೂ ಗುಂಡಿ ಒಟ್ಟಿಗೇ ತುಂಬಿದೆ. ಮೇಸ್ತ್ರಿ ಮೂರನೇದು ತೋಡೋಣ ಅಂತಾರೆ.

---

ನೀರುಗಂಟಿ

ಮೂರನೇದು ಬೇಡ. ಎರಡೂ ಒಟ್ಟಿಗೆ ತುಂಬಿದೆ ಅಂದ್ರೆ ಮಧ್ಯದ ಕೂಡುಗುಂಡಿಯಲ್ಲಿ (ಎರಡು ಗುಂಡಿಗೂ ದಾರಿ ಕವಲೊಡೆಯೋ ಚಿಕ್ಕ ಗುಂಡಿ) ಯಾವ ಬಾಯಿಗೂ ಅಡ್ಡ ಇಟ್ಟಿಲ್ಲ. ಒಂದು ಬಾಯಿಗೆ ಇಟ್ಟಿಗೆ, ಮಣ್ಣು ಮೆತ್ತಿ ಮುಚ್ಚಿರಬೇಕು. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸೋದು, ಮುಚ್ಚಿದ್ದು ಎರಡು ವರ್ಷ ಹಾಗೇ ಬಿದ್ದಿದ್ದರೆ ಒಳಗಿನದು ವಾಸನೆ ಇಲ್ಲದ ಮಣ್ಣಾಗುತ್ತೆ, ಹೊಲಕ್ಕೆ ಹಾಕಬಹುದು. ಈಗ ಎರಡೂ ಹಸಿ. ಕೈಯಿಂದ ತೆಗೆಸೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಒಂದನ್ನು ಹೀರುಯಂತ್ರದ ಗಾಡಿಯಿಂದ ಖಾಲಿ ಮಾಡಿಸಿ ಬಳಸೋಕೆ ಶುರು ಮಾಡಿ, ಇನ್ನೊಂದನ್ನು ಮುಚ್ಚಿಬಿಡಿ.

ಬಚ್ಚಲ ನೀರು ಮೊದಲು ಬೇರೆ ಮಾಡಿ. ಗುಂಡಿ ದಿನಕ್ಕೆ ಇಂಗಿಸಬೇಕಾದ್ದು ಒಬ್ಬೊಬ್ಬರಿಗೆ ಕೆಲವು ಲೀಟರ್ ಮಾತ್ರ ಅಂತ ಲೆಕ್ಕ, ಅದಕ್ಕೇ ಹಳ್ಳಿ ಬೇಸಿನ್ನಿಗೆ ಇಳಿಜಾರು ಹೆಚ್ಚು, ಒಂದೂವರೆ ಎರಡು ಲೀಟರಿಗೆ ತೊಳೆದು ಹೋಗುತ್ತೆ. ಆರು ಜನದ ಸ್ನಾನದ ನೀರು, ಸೋಪು ಬಿದ್ದರೆ ಮಣ್ಣಿನ ರಂಧ್ರ ಕಟ್ಟುತ್ತೆ. ಗುಂಡಿಗೆ ಆಸಿಡ್, ಫಿನಾಯಿಲ್ ಸುರಿದರೆ ಕೊಳೆಸೋ ಜೀವಾಣುಗಳೇ ಸಾಯ್ತವೆ. ಒಳಗೋಡೆಯ ಜಾಲಂದರಕ್ಕೆ (ನೀರು ಇಂಗೋಕೆ ಬಿಟ್ಟ ತೂತುಗಳಿಗೆ) ಯಾರಾದರೂ ಗಟ್ಟಿ ಇರಲಿ ಅಂತ ಗಾರೆ ಮಾಡಿದ್ದಾರಾ ಅಂತಲೂ ನೋಡಿ, ಹಾಗಾಗಿದ್ದರೆ ನೀರು ಎಂದೂ ಇಳಿಯಲ್ಲ.

ಬಚ್ಚಲಿಗೆ ಬೇರೆ ಇಂಗುಗುಂಡಿ: ಒಂದು ಮೀಟರ್ ಉದ್ದ, ಅಗಲ, ಆಳ. ತಳಕ್ಕೆ ದಪ್ಪ ಕಲ್ಲು, ಮೇಲಕ್ಕೆ ಸಣ್ಣದು. ಬಾಯಲ್ಲಿ ತೂತು ಮಾಡಿದ ಹಳೇ ಮಡಕೆಗೆ ತೆಂಗಿನ ನಾರು ತುಂಬಿಟ್ಟರೆ ಕೂದಲು, ಸೋಪಿನ ಜಿಡ್ಡು ಅಲ್ಲೇ ನಿಲ್ಲುತ್ತೆ, ಹದಿನೈದು ದಿನಕ್ಕೊಮ್ಮೆ ನಾರು ಬದಲಿಸಿ. ಪಕ್ಕದಲ್ಲಿ ಎರಡು ಬಾಳೆ ನೆಟ್ಟರೆ ಮಳೆಗಾಲದ ಒತ್ತಡವೂ ಸ್ವಲ್ಪ ತಗ್ಗುತ್ತೆ. ಈ ಗುಂಡಿಯೂ, ಶೌಚದ ಗುಂಡಿಗಳೂ ಕೈಪಂಪಿನಿಂದ ಹತ್ತು ಮೀಟರಾದರೂ ದೂರ ಇರಬೇಕು. ತಿಪ್ಪೆಯನ್ನೂ ಆ ಕಡೆಯಿಂದ ಇಳಿಜಾರಿನ ಕೆಳಗೆ ಸಾಗಿಸಿ, ವಾರಕ್ಕೊಮ್ಮೆ ಮೇಲೆ ಗೇಣುದ್ದ ಮಣ್ಣು ಹಾಕಿದರೆ ನೊಣ ಮರಿ ಮಾಡಲ್ಲ. ಕೊಟ್ಟಿಗೆ ನೆಲಕ್ಕೆ ಅಡುಗೆಮನೆ ಗೋಡೆಯಿಂದ ಆಚೆ ಕಡೆಗೆ ಇಳಿಜಾರು ಕೊಟ್ಟು, ಗಂಜಲ ಒಂದೇ ಕಾಲುವೆಯಲ್ಲಿ ತಿಪ್ಪೆ ಗುಂಡಿಗೆ ಹೋಗೋ ಹಾಗೆ ಮಾಡಿ. ಈಗ ಆ ಗೋಡೆಯ ಬುಡ ಕೈಯಿಟ್ಟು ನೋಡಿದರೆ ಒದ್ದೆ ಇರುತ್ತೆ.

---

ಒಲೆಮೇಸ್ತ್ರಿ

ಗಾಡಿ ಕರೆಸುವ ಮುಂಚೆ ಗುಂಡಿಗೆ ಗಾಳಿಕೊಳವೆ ಇದೆಯಾ ನೋಡಿ. ಎರಡು ಗುಂಡಿಯ ಶೌಚಾಲಯಕ್ಕೆ ಅದು ಬೇಕಾಗೇ ಇಲ್ಲ, ಅನಿಲ ಮಣ್ಣಿಗೇ ಇಂಗುತ್ತೆ. ಆದರೂ ಮೇಸ್ತ್ರಿಗಳು ಅಭ್ಯಾಸಬಲಕ್ಕೆ ಹಾಕಿರ್ತಾರೆ, ರಾತ್ರಿ ಕಚ್ಚೋ ಸೊಳ್ಳೆ ಅದರ ಬಾಯಿಂದ ಬರ್ತಿರುತ್ತೆ. ಇದ್ದರೆ ಕ್ಯಾಪು ಹಾಕಿ ಮುಚ್ಚಿ.